ಕೆಡಿಸಲು ಬಿಡುವ ಲ್ಯಾಬ್ ಎಲ್ಲಿದೆ?

ಬೆಂಗಳೂರಿನ ಕೆ.ಆರ್. ಸರ್ಕಲ್ಲಿನಲ್ಲಿ ನಿಂತರೆ ಕಂಪ್ಯೂಟರ್ ಓದಿನ ಮೂರು ದಾರಿಗಳೂ ಹತ್ತು ನಿಮಿಷದ ನಡಿಗೆಯೊಳಗೆ ಸಿಗುತ್ತವೆ. ಒಂದು ಕಡೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು, ಇವತ್ತಿನ ಯುವಿಸಿಇ. ಅದರ ಆಸುಪಾಸಿನಲ್ಲೇ ಎಸ್‌.ಜೆ. ಪಾಲಿಟೆಕ್ನಿಕ್. ನೃಪತುಂಗ ರಸ್ತೆಗೆ ಹೊರಳಿದರೆ ಹಳೆಯ ಸರ್ಕಾರಿ ವಿಜ್ಞಾನ ಕಾಲೇಜು, ಈಗ ನೃಪತುಂಗ ವಿಶ್ವವಿದ್ಯಾಲಯ. ಬಿ.ಇ., ಡಿಪ್ಲೊಮಾ, ಮೂರು ವರ್ಷದ ಪದವಿ, ಮೂರರ ಬೋರ್ಡುಗಳನ್ನೂ ಓದುತ್ತ ನಡೆದೆವು.

ಜೊತೆಗಿದ್ದವರು ಇಬ್ಬರು. ತಂಗಿಯ ಮಗಳು ತಿಪಟೂರಿನಲ್ಲಿ ಪಿಯುಸಿ ಮುಗಿಸಿ, ಸಿಇಟಿ ಬರೆದು, ಆಪ್ಷನ್ ಎಂಟ್ರಿಗೆಂದು ಕಾಲೇಜುಗಳ ಉದ್ದನೆಯ ಪಟ್ಟಿ ಹಿಡಿದು ಬಂದಿದ್ದಳು. ಇನ್ನೊಬ್ಬ ನನ್ನ ಗೆಳೆಯ. ಕಂಪನಿಯೊಂದರ ಸರ್ವರ್, ನೆಟ್‌ವರ್ಕ್, ಬ್ಯಾಕಪ್ಪುಗಳನ್ನು ನೋಡಿಕೊಳ್ಳುವುದೇ ಅವನ ಕಸುಬು. ಹುಡುಗಿಗೆ ಬೇಕಾದದ್ದೂ ಅದೇ ಕೆಲಸ. ಆದರೆ ಅವಳ ಮನೆಯಲ್ಲಿ ಅದು ಇನ್ನೂ ಯಾರ ತಲೆಗೂ ಹತ್ತಿಲ್ಲ. 'ಕಂಪ್ಯೂಟರ್ ರಿಪೇರಿಗೆ ಎಂಜಿನಿಯರಿಂಗ್ ಯಾಕೆ?' ಅಂತ ಅವಳಪ್ಪ ಕೇಳಿದರಂತೆ.

ಗೆಳೆಯ ನಕ್ಕ. 2024ರ ಜುಲೈ 19ರ ಶುಕ್ರವಾರ ನೆನಪಿದೆಯಾ ಎಂದು ಕೇಳಿದ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮಷೀನುಗಳು ನೀಲಿ ಪರದೆ ತೋರಿಸಿ ಕೂತ ದಿನ ಅದು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಂಪನಿ ತಪ್ಪು ಸರಿಪಡಿಸಿದ ಮೇಲೂ ಬಿದ್ದ ಮಷೀನುಗಳು ತಾವಾಗಿ ಏಳಲಿಲ್ಲ. ಎಷ್ಟೋ ಕಡೆ ಒಂದೊಂದರ ಮುಂದೆಯೂ ಒಬ್ಬರು ಕೂತು, ಸೇಫ್ ಮೋಡಿನಲ್ಲಿ ಎಬ್ಬಿಸಿ, ಒಂದು ಫೈಲು ಅಳಿಸಬೇಕಾಯಿತು. "ಆ ಒಬ್ಬರು ಯಾರು ಅಂತ ನಿಮ್ಮಪ್ಪನಿಗೆ ಹೇಳಮ್ಮ" ಅಂದ.

ಯುವಿಸಿಇ ಕಂಪ್ಯೂಟರ್ ಸೈನ್ಸಿಗೆ ಬೇಕಾದ ರ‍್ಯಾಂಕ್ ಅವಳಿಗಿಲ್ಲ. ಕಲ್ಲಿನ ಕಟ್ಟಡವನ್ನು ಹೊರಗಿನಿಂದ ನೋಡಿ ಮುಂದೆ ಹೋದೆವು. ಎಸ್‌.ಜೆ. ಪಾಲಿಟೆಕ್ನಿಕ್ಕಿನ ಹತ್ತಿರ ಮಾತ್ರ ನನ್ನ ಕಾಲು ನಿಂತಿತು. ಗುರುದತ್ತರ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಛಾಯಾಗ್ರಹಣ ಕಲಿತದ್ದು ಈ ಸಂಸ್ಥೆಯಲ್ಲಿ. ಕಂಪ್ಯೂಟರ್ ವಿಷಯಕ್ಕೆ ಅದು ಸಂಬಂಧವಿಲ್ಲದ್ದು, ಹೇಳದೇ ಇರಲಾಗಲಿಲ್ಲ ಅಷ್ಟೆ. ಗೆಳೆಯ ಡಿಪ್ಲೊಮಾ ದಾರಿಯಿಂದಲೇ ಬಂದವನು. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದರೆ ನೇರ ಬಿ.ಇ. ಎರಡನೇ ವರ್ಷಕ್ಕೆ ಪ್ರವೇಶ. ಈ ಕಸುಬಿಗೆ ಅದು ಕೀಳು ದಾರಿಯೇನಲ್ಲ ಎಂಬುದು ಅವನ ವಾದ. ನನಗೂ ಹಾಗೇ ಅನಿಸುತ್ತದೆ. ಬಿಸಿಎ ಮಾಡಿ ಎರಡು ವರ್ಷದ ಎಂಸಿಎ ಮಾಡಿದವರೂ ಇದೇ ಕೆಲಸದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಪಟ್ಟಿಯ ಮೊದಲ ಕಾಲೇಜು ನಗರದ ಹೊರಗಿತ್ತು. ಹೆಸರು ಬೇಡ. ಗೇಟಿನಿಂದಲೇ ಫ್ಲೆಕ್ಸುಗಳು: ನಗುವ ಮುಖಗಳು, ಪಕ್ಕದಲ್ಲಿ ಲಕ್ಷಗಳ ಪ್ಯಾಕೇಜು. ಕೌನ್ಸೆಲಿಂಗ್ ಮೇಜಿನ ಹುಡುಗ ನ್ಯಾಕ್ ಗ್ರೇಡಿನಿಂದ ಶುರುಮಾಡಿದ. ನ್ಯಾಕ್ ಅಳೆಯುವುದು ಇಡೀ ಸಂಸ್ಥೆಯನ್ನು. ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ ಬೇರೆ ಬೇರೆ ಸಿಗುವಂಥದು. ಸಿವಿಲ್‌ಗೆ ಎನ್‌ಬಿಎ ಇದ್ದ ಮಾತ್ರಕ್ಕೆ ನಿಮ್ಮ ಬ್ರಾಂಚಿಗೆ ಇದೆ ಎಂದು ತಿಳಿಯಬೇಡಿ, ಕೇಳಿ. ಹಾಗೆಯೇ ಕಂಪ್ಯೂಟರ್ ಬ್ರಾಂಚಿನಲ್ಲಿ ಎಷ್ಟು ಸೆಕ್ಷನ್ ಎಂದೂ ಕೇಳಿ. 2024ರಿಂದ ಎಐಸಿಟಿಇ ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಸೀಟುಗಳ ಮಿತಿ ತೆಗೆದ ಮೇಲೆ ಬೇಡಿಕೆಯ ಬ್ರಾಂಚುಗಳು ಊದಿಕೊಂಡಿವೆ. ಒಂದು ಲ್ಯಾಬಿಗೆ ಎಷ್ಟು ಬ್ಯಾಚು ಬರುತ್ತದೆ ಎಂಬುದು ಅಲ್ಲಿಂದ ಹೊರಡುವ ಲೆಕ್ಕ.

ಲ್ಯಾಬ್ ನೋಡುತ್ತೇವೆ ಅಂದಾಗ ಮೇಜಿನ ಹುಡುಗನಿಗೆ ಸ್ವಲ್ಪ ಇರುಸುಮುರುಸು. ಆದರೂ ಕರೆದೊಯ್ದ. ಏಸಿ ತಂಪು, ಸಾಲುಸಾಲು ಹೊಸ ಮಷೀನು, ಚಪ್ಪಲಿ ಹೊರಗೆ. ಗೆಳೆಯ ಅಲ್ಲಿದ್ದ ಇನ್‌ಸ್ಟ್ರಕ್ಟರಿಗೆ ಕೇಳಿದ್ದು ಒಂದೇ ಪ್ರಶ್ನೆ: "ಹುಡುಗರು ಇದನ್ನ ಕೆಡಿಸಿದರೆ ಏನ್ಮಾಡ್ತೀರಿ ಸಾರ್?"

"ಕೆಡಿಸೋಕೇ ಆಗಲ್ಲ ಸಾರ್" ಎಂದರು ಅವರು ಹೆಮ್ಮೆಯಿಂದ. "ಡೀಪ್ ಫ್ರೀಜ್ ಹಾಕಿದೀವಿ. ಏನೇ ಮಾಡಲಿ, ರಿಸ್ಟಾರ್ಟ್ ಆದ ತಕ್ಷಣ ಮೊದಲಿನ ಹಾಗೇ."

ಲ್ಯಾಬ್ ನೋಡಿಕೊಳ್ಳುವವರಿಗೆ ಅದು ನೆಮ್ಮದಿ, ಒಪ್ಪೋಣ. ಆದರೆ ಇವಳು ಕಲಿಯಬೇಕಾದದ್ದು ಆ ನೆಮ್ಮದಿ ಹೇಗೆ ಬರುತ್ತದೆ ಎಂಬುದನ್ನೇ. ಯೂಸರ್ ಅಕೌಂಟ್ ಯಾರು ಮಾಡುತ್ತಾರೆ, ಡಿಸ್ಕ್ ತುಂಬಿದರೆ ಏನಾಗುತ್ತದೆ, ಬ್ಯಾಕಪ್ಪಿನಿಂದ ಡೇಟಾ ನಿಜಕ್ಕೂ ಮರಳಿ ಬರುತ್ತದೆಯೇ ಎಂಬುದೆಲ್ಲ ಅಡ್ಮಿನ್ ಪಾಸ್‌ವರ್ಡಿನ ಆಚೆ ಉಳಿಯಿತು. ಸರ್ವರ್ ರೂಮಿಗೆ ಬೀಗ. ಕೀ ಹೊರಗಿನ ಏಜೆನ್ಸಿಯವರ ಹತ್ತಿರ.

ನಮ್ಮ ಪ್ರಾಯೋಗಿಕ ಪರೀಕ್ಷೆಗಳೂ ಈ ಸ್ವಭಾವದವೇ. ಪಟ್ಟಿಯಲ್ಲಿರುವ ಹತ್ತು ಹನ್ನೆರಡು ಪ್ರೋಗ್ರಾಮುಗಳಲ್ಲಿ ಚೀಟಿ ಎತ್ತಿದ್ದನ್ನು ಬರೆದು, ಓಡಿಸಿ, ವೈವಾ ಕೊಟ್ಟರೆ ಮುಗಿಯಿತು. ಬಾಯಿಪಾಠದಲ್ಲೇ ದಾಟಬಹುದು. ಆದರೆ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನವರ ಆರ್‌ಎಚ್‌ಸಿಎಸ್‌ಎ ಎಂಬ ಪರೀಕ್ಷೆಯಲ್ಲಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟು ಆರಿಸು ಅನ್ನುವುದಿಲ್ಲ. ಓಡುತ್ತಿರುವ ಲಿನಕ್ಸ್ ಮಷೀನು ಕೊಟ್ಟು ಮಾಡಿ ತೋರಿಸು ಅನ್ನುತ್ತಾರೆ, ರೀಬೂಟ್ ಆದ ಮೇಲೂ ಮಾಡಿದ್ದು ಉಳಿದಿರಬೇಕು. ರೀಬೂಟ್ ಆದರೆ ಎಲ್ಲ ಅಳಿಸಿಹೋಗುವ ಲ್ಯಾಬಿನಲ್ಲಿ ನಾಲ್ಕು ವರ್ಷ ಕಳೆದವರು ಅಲ್ಲಿ ಹೇಗೆ ಕೂರಬೇಕು?

ಪಟ್ಟಿಯ ನಡುವೆ ಎಲ್ಲೋ ಇದ್ದ ಇನ್ನೊಂದು ಕಾಲೇಜಿಗೆ ಹೋದದ್ದು ದಾರಿಯಲ್ಲಿದೆ ಎಂಬ ಕಾರಣಕ್ಕೆ. ಕಟ್ಟಡ ಸಾಧಾರಣ, ಕ್ಯಾಂಟೀನ್ ಕಾಫಿ ನೀರು. ಆದರೆ ಲ್ಯಾಬಿನ ಮೂಲೆಯಲ್ಲಿ ಹಳೆಯ ಮಷೀನುಗಳ ಒಂದು ಸಾಲಿತ್ತು, ಬದಿಯ ಮುಚ್ಚಳ ಬಿಚ್ಚಿದ್ದವು. ಗ್ನೂ ಲಿನಕ್ಸ್ ಬಳಕೆದಾರರ ಗುಂಪಿನ ಹುಡುಗರು ಅವುಗಳ ಮೇಲೆ ಬೇಕಾದದ್ದು ಹಾಕಿ, ತೆಗೆದು ಮಾಡಬಹುದು. ಇಂಥ ಗುಂಪುಗಳನ್ನು ಕಾಲೇಜುಗಳಲ್ಲಿ ಕಟ್ಟಲು ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ವರ್ಷಗಳಿಂದ ಓಡಾಡುತ್ತಿದ್ದಾರೆ. ವಿಭಾಗದ ಒಂದು ಪುಟ್ಟ ಸರ್ವರನ್ನು ಎರಡನೇ ವರ್ಷದ ಇಬ್ಬರು ಹುಡುಗಿಯರೇ ನೋಡಿಕೊಳ್ಳುತ್ತಿದ್ದರು. ಹಿಂದಿನ ವಾರ ಅದನ್ನು ಕೆಡಿಸಿ ಒಂದು ರಾತ್ರಿ ಒದ್ದಾಡಿದ್ದನ್ನು ಅವರು ಹೇಳಿಕೊಂಡ ಉತ್ಸಾಹ ನೋಡಬೇಕಿತ್ತು. ಮೇಡಂ ಬೈದರಾ ಅಂತ ನಮ್ಮವಳು ಕೇಳಿದಳು. "ಬೈದ್ರು. ಆಮೇಲೆ ಏನಾಯ್ತು ಅಂತ ಪೂರ್ತಿ ಬರೆದುಕೊಡಿ ಅಂದ್ರು."

ಗೆಳೆಯ ನನ್ನ ಕಡೆ ನೋಡಿದ. ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಬರೆದಿಡುವುದು ಅವನ ಕಚೇರಿಯಲ್ಲೂ ದಿನದ ಕೆಲಸ.

ಸಂಜೆಗೆ ಎಸ್‌.ಪಿ. ರೋಡ್. ಟೌನ್ ಹಾಲ್ ಹತ್ತಿರದ ಈ ಇಕ್ಕಟ್ಟಿನ ಬೀದಿಯಲ್ಲಿ ಕೇಬಲ್ಲು, ಹಾರ್ಡ್‌ಡಿಸ್ಕು, ಹಳೆಯ ಲ್ಯಾಪ್‌ಟಾಪು, ಕಚೇರಿಗಳಿಂದ ಕಳಚಿ ತಂದ ನೆಟ್‌ವರ್ಕ್ ಸ್ವಿಚ್ಚು ಎಲ್ಲ ರಾಶಿ. ಕಾಲೇಜು ಕೊಡದ ಲ್ಯಾಬನ್ನು ಇಲ್ಲಿ ಕೊಂಡು ಮನೆಯಲ್ಲಿ ಕಟ್ಟಿಕೊಂಡವರು ಅನೇಕರು. ಒಂದು ಅಂಗಡಿಯ ಹುಡುಗ ನಮ್ಮ ಮುಂದೆಯೇ ಎಂಟು ತಂತಿಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಕನೆಕ್ಟರಿಗೆ ಹಾಕಿ, ಕ್ರಿಂಪಿಂಗ್ ಟೂಲಿನಿಂದ ಕಚಕ್ಕೆಂದು ಒತ್ತಿದ. ತಂಗಿಯ ಮಗಳು ಕೇಳಿ ತಾನೂ ಒಂದು ಮಾಡಿದಳು. ಟೆಸ್ಟರಿನಲ್ಲಿ ಮೂರನೇ ದೀಪ ಹತ್ತಲಿಲ್ಲ. ತುದಿ ಕತ್ತರಿಸಿ ಮತ್ತೆ ಮಾಡಿದಳು.

ಅಲ್ಲೇ ಚಹಾ ಅಂಗಡಿಯ ಮುಂದೆ ನಿಂತು ಪಟ್ಟಿ ತಿದ್ದಿದ್ದಾಯಿತು. ಆಪ್ಷನ್ ಎಂಟ್ರಿಯಲ್ಲಿ ಕ್ರಮವೇ ಮುಖ್ಯ. ನಿಮ್ಮ ರ‍್ಯಾಂಕಿಗೆ ಸಿಗುವುದರಲ್ಲಿ ಮೇಲಿರುವುದನ್ನೇ ಕೆಇಎ ಕೊಡುತ್ತದೆ. ಕೆಳಗೆ ಬರೆದು ಆಮೇಲೆ ಹಂಬಲಿಸಿದರೆ ಪ್ರಯೋಜನವಿಲ್ಲ. ನಡುವೆ ಇದ್ದ ಕಾಲೇಜು ಮೇಲೆ ಬಂತು, ಫ್ಲೆಕ್ಸಿನ ಕಾಲೇಜು ಕೆಳಗೆ ಇಳಿಯಿತು.

"ಮಾಮ, ಇದರಲ್ಲಿ ಕಂಪ್ಯೂಟರ್ ಸೈನ್ಸ್ ಸಿಗದೆ ಇನ್ಫರ್ಮೇಷನ್ ಸೈನ್ಸ್ ಸಿಕ್ಕಿದ್ರೆ?" ಎಂದಳು.

"ಲ್ಯಾಬ್ ಅದೇ ತಾನೇ?" ಎಂದ ಗೆಳೆಯ, ನಾನು ಬಾಯಿ ತೆರೆಯುವ ಮೊದಲೇ. ಇನ್ನು ಅವಳಪ್ಪನನ್ನು ಒಪ್ಪಿಸಬೇಕು. ಹಾಸ್ಟೆಲ್ ದೂರ ಎಂಬ ತಕರಾರು ಈಗಾಗಲೇ ಫೋನಿನಲ್ಲಿ ಬಂದಿದೆ.