ಬೆಂದ ಹುರುಳಿ, ಬಿಸಿಲಿಗೆ ಕಾದ ಇನ್ಸುಲಿನ್: ಸಸಾರಜನಕದ ನಾಲ್ಕು ಹಂತಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಸದ್ಭಕ್ತರ ಮನೆಗಳಲ್ಲಿ ರಾಗಿಮುದ್ದೆಗೆ ಹುರುಳಿಕಾಳಿನ ಸಾರು ಹೊಸದಲ್ಲ. ಅದೇ ಮನೆಗಳಲ್ಲಿ ಇಂದು ಮಧುಮೇಹವುಳ್ಳ ಹಿರಿಯರಿಗಾಗಿ ಇನ್ಸುಲಿನ್ ಶೀಶೆಯೂ ಇರುವುದುಂಟು. ಇನ್ಸುಲಿನ್ ಸಸಾರಜನಕ, ಅಂದರೆ ಪ್ರೊಟೀನ್. ಹುರುಳಿಯಲ್ಲಿ ತುಂಬಿರುವುದೂ ಅದೇ. ಆದರೆ ಒಲೆಯ ಮೇಲೆ ಬೆಂದ ಹುರುಳಿ ದೇಹಕ್ಕೆ ಹಿತ. ಬಿಸಿಲಿಗೆ ಕಾದ ಇನ್ಸುಲಿನ್ ಶಕ್ತಿಗುಂದುತ್ತದೆ. ಇದರ ಕಾರಣವು ಸಸಾರಜನಕದ ರಚನೆಯಲ್ಲಿದೆ. ಆ ರಚನೆಗೆ ನಾಲ್ಕು ಹಂತಗಳಿವೆ.

ಮೊದಲನೆಯದು ಸರ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಮಣಿಗಳಂತೆ ನಿಶ್ಚಿತ ಕ್ರಮದಲ್ಲಿ ಪೋಣಿಸಲ್ಪಟ್ಟಿರುತ್ತವೆ. ಅವನ್ನು ಬೆಸೆಯುವುದು ಬಲವಾದ ಪೆಪ್ಟೈಡ್ ಬಂಧ. ಇನ್ಸುಲಿನ್ನಿನಲ್ಲಿ 21 ಮತ್ತು 30 ಮಣಿಗಳ ಎರಡು ಸರಗಳಿವೆ. ಈ ಕ್ರಮವನ್ನು ಕಂಡುಹಿಡಿದ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಎರಡನೆಯ ಹಂತದಲ್ಲಿ ಸರವು ಸುರುಳಿಯಾಗಿ ಸುತ್ತಿಕೊಳ್ಳುತ್ತದೆ ಅಥವಾ ಹಾಳೆಯಂತೆ ಹರಡಿಕೊಳ್ಳುತ್ತದೆ. ಇದನ್ನು ಹಿಡಿದಿಡುವುದು ಜಲಜನಕ ಬಂಧ. ಒಂದೊಂದೂ ದುರ್ಬಲ, ಅನೇಕವು ಕೂಡಿದರೆ ಪ್ರಬಲ. ನಮ್ಮ ಸೀಮೆಯ ರೇಷ್ಮೆಗೂಡೇ ಇದಕ್ಕೆ ಸಾಕ್ಷಿ. ಬಿಸಿನೀರಿನಲ್ಲಿ ಗೂಡಿನ ಅಂಟು ಸಡಿಲವಾಗುತ್ತದೆ, ನೂಲು ಮಾತ್ರ ಕರಗದು. ಅದರ ಸರಗಳು ಹಾಳೆಹಾಳೆಯಾಗಿ ಒತ್ತಾಗಿ ಬಿಗಿದುಕೊಂಡಿವೆ.

ಮೂರನೆಯ ಹಂತದಲ್ಲಿ ಇಡೀ ಸರ ಮಡಿಚಿಕೊಂಡು ಗೊತ್ತಾದ ಆಕಾರ ತಾಳುತ್ತದೆ. ಸಾರಿನ ಮೇಲೆ ಎಣ್ಣೆಯ ಹನಿಗಳು ಒಂದುಗೂಡುವಂತೆ, ನೀರನ್ನು ಒಲ್ಲದ ಭಾಗಗಳು ಒಳಗೆ ಸೇರಿಕೊಳ್ಳುತ್ತವೆ. ವಿರುದ್ಧ ವಿದ್ಯುದಂಶಗಳ ಸೆಳೆತ, ಗಂಧಕದ ಪರಮಾಣುಗಳ ನಡುವಣ ಬಂಧ ಇವೂ ನೆರವಾಗುತ್ತವೆ. ಇನ್ಸುಲಿನ್ನಿನಲ್ಲಿ ಅಂತಹ ಮೂರು ಗಂಧಕದ ಬಂಧಗಳಿದ್ದು, ಎರಡು ಬಂಧಗಳು ಸರಗಳನ್ನು ಪರಸ್ಪರ ಜೋಡಿಸುತ್ತವೆ.

ನಾಲ್ಕನೆಯದು ಕೂಟ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಗಳು ಕೂಡಿವೆ. ಇನ್ಸುಲಿನ್ ಕಣಗಳು ಸತುವಿನ ಸುತ್ತ ಆರಾರಾಗಿ ಕೂಡುತ್ತವೆ. ಇನ್ಸುಲಿನ್ನಿನ ಈ ಆಕಾರವನ್ನು 1969ರಲ್ಲಿ ತೋರಿಸಿದ್ದು ಆಕ್ಸ್‌ಫರ್ಡ್‌ನ ಡೊರೊತಿ ಹಾಡ್ಜ್‌ಕಿನ್ ಅವರ ತಂಡ. ಆ ತಂಡದಲ್ಲಿದ್ದ ಎಂ. ವಿಜಯನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಅಧ್ಯಯನವನ್ನು ಬೆಳೆಸಿದರು.

ಅಡುಗೆಯ ಬಿಸಿಗೆ ಪೆಪ್ಟೈಡ್ ಬಂಧ ಸಾಮಾನ್ಯವಾಗಿ ಕಡಿಯದು. ದುರ್ಬಲ ಬಂಧಗಳು ಕಳಚುತ್ತವೆ. ಆಕಾರ ಹೋಗುತ್ತದೆ, ಮಣಿಗಳು ಉಳಿಯುತ್ತವೆ. ಆಹಾರದಿಂದ ದೇಹಕ್ಕೆ ಬೇಕಾದದ್ದು ಮಣಿಗಳೇ. ಹಸಿ ಹುರುಳಿಯಲ್ಲಿ ಜೀರ್ಣರಸವನ್ನು ತಡೆಯುವ ಸಸಾರಜನಕವೂ ಉಂಟು. ಬೆಂದಾಗ ಅದರ ಆಕಾರ ಕೆಟ್ಟು ತಡೆ ತಗ್ಗುತ್ತದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದ್ದರೆ ರಾಗಿಯಲ್ಲಿ ಸುಮಾರು 7 ಗ್ರಾಂ. ರಾಗಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಕಾಳು ತುಂಬಿಕೊಡುತ್ತದೆ. ಆದುದರಿಂದ ಹಿರಿಯರಿಗೆ ಬರಿಯ ಕಟ್ಟಿನ ಸಾರು ಬಡಿಸಿದರೆ ಸಾಲದು. ಹಲ್ಲಿಲ್ಲದವರಿಗೆ ಕಾಳನ್ನು ಅರೆದು ಕೊಡಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರು ಹೇಳಿದಷ್ಟೇ ಸೇವಿಸತಕ್ಕದ್ದು.

ಇನ್ಸುಲಿನ್ನಿನ ಸಂಗತಿ ಬೇರೆ. ಬೀಗಕ್ಕೆ ಕೀಲಿ ಹೊಂದುವಂತೆ ಅದು ಜೀವಕೋಶಕ್ಕೆ ಹೊಂದುವುದು ಆಕಾರದಿಂದಲೇ. ನುಂಗಿದರೆ ಜೀರ್ಣರಸವು ಸರವನ್ನೇ ಕತ್ತರಿಸುತ್ತದೆ, ಅದಕ್ಕಾಗಿಯೇ ಚುಚ್ಚುಮದ್ದು. ಅತಿ ಶಾಖವಾಗಲಿ ಹೆಪ್ಪುಗಟ್ಟುವ ಶೀತವಾಗಲಿ ಆಕಾರವನ್ನು ಕೆಡಿಸುತ್ತದೆ. ತೆರೆಯದ ಶೀಶೆಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಮಂಜುಗಡ್ಡೆಯ ಅರೆಯಲ್ಲಿಡಬಾರದು. ಫ್ರಿಜ್ ಇಲ್ಲದವರು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ತಣ್ಣೀರಿನ ಮಣ್ಣಿನ ಮಡಕೆಯಲ್ಲಿ ನೆರಳಿನಲ್ಲಿರಿಸಬಹುದು. ತೆರೆದ ಶೀಶೆಯನ್ನು ಎಷ್ಟು ದಿನ ಬಳಸಬಹುದೆಂಬುದನ್ನು ಚೀಟಿಯಲ್ಲಿ ನೋಡಿಕೊಳ್ಳಬೇಕು; ಅನೇಕ ಬಗೆಗಳಿಗೆ ಅದು ನಾಲ್ಕು ವಾರ. ಬಸ್ಸಿನ ಪ್ರಯಾಣದಲ್ಲಿ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು.

ಕೆಟ್ಟ ಇನ್ಸುಲಿನ್ ಎಷ್ಟೋ ವೇಳೆ ನೋಡಲು ಮೊದಲಿನಂತೆಯೇ ಇರುತ್ತದೆ. ಪಥ್ಯ ತಪ್ಪದಿದ್ದರೂ ಸಕ್ಕರೆಯ ಪ್ರಮಾಣ ಏರುತ್ತಿದ್ದರೆ ತಾವಾಗಿಯೇ ಪ್ರಮಾಣ ಹೆಚ್ಚಿಸದೆ, ಶೀಶೆಯೊಡನೆ ವೈದ್ಯರನ್ನು ಕಾಣಬೇಕೆಂದು ಸದ್ಭಕ್ತರಲ್ಲಿ ನಮ್ಮ ಬಿನ್ನಹ. ಹುರುಳಿ ಚೆನ್ನಾಗಿ ಬೇಯಲಿ, ಇನ್ಸುಲಿನ್ ತಂಪಾಗಿರಲಿ.