ಹಳೆಯ ಪಾತ್ರೆ, ಹೊಸ ಮನೆ

ಊರು ಬಿಟ್ಟು ಬಂದು ಹೊರನಾಡಿನಲ್ಲಿ ಸಂಸಾರ ಹೂಡಿದ ನಮ್ಮ ಸೋದರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಬ್ಬರಿದ್ದ ಮನೆಯಲ್ಲಿ ಎಷ್ಟೋ ವರ್ಷ ಹಾಲು ಕಾಯಿಸಿದ ಪಾತ್ರೆಯನ್ನೇ ಎಂಟು ಜನರ ಮನೆಗೂ ಒಯ್ದು, ಅಳತೆ ನೋಡದೆ ಒಲೆಯ ಮೇಲಿಟ್ಟರೆ ಹಾಲು ಉಕ್ಕಿ ಒಲೆಯೇ ಆರಿಹೋಗುತ್ತದೆ. ಗಣಕಯಂತ್ರದ ಪ್ರೋಗ್ರಾಮುಗಳಿಗೂ ಇದೇ ಗತಿ. ಒಂದೆಡೆ ನಿರಾತಂಕವಾಗಿ ನಡೆದುದು ಇನ್ನೊಂದೆಡೆಗೆ ಹೋದೊಡನೆ ನಡುದಾರಿಯಲ್ಲಿ ಮುಗ್ಗರಿಸುವುದುಂಟು. ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ.

೧೯೯೬ನೆಯ ಇಸವಿ ಜೂನ್ ೪. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ನೆಲೆ. ಯೂರೋಪಿನ ದೇಶಗಳು ಸೇರಿ ಕಟ್ಟಿದ ಏರಿಯಾನ್-೫ ಎಂಬ ಹೊಸ ರಾಕೆಟ್ಟು, 'ಕ್ಲಸ್ಟರ್' ಎಂಬ ನಾಲ್ಕು ಉಪಗ್ರಹಗಳನ್ನು ಹೊತ್ತು ತನ್ನ ಮೊದಲ ಪ್ರಯಾಣಕ್ಕೆ ಹೊರಟಿತು. ಸುಮಾರು ೪೦ ಸೆಕೆಂಡು ಕಳೆಯುವಷ್ಟರಲ್ಲಿ ದಾರಿ ತಪ್ಪಿ ಹೊರಳಿ, ಆಕಾಶದಲ್ಲಿಯೇ ಸಿಡಿದು ಚೂರಾಯಿತು. ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ್ದ ಉಪಕರಣಗಳು ಕೂರೂವಿನ ಜೌಗುನೆಲದ ಪಾಲಾದುವು.

ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ಸಮಿತಿಯೊಂದು ವಿಚಾರಣೆ ನಡೆಸಿತು. ಎಂಜಿನು ಕೆಟ್ಟಿರಲಿಲ್ಲ. ರಾಕೆಟ್ಟಿನ ನಿಲುವನ್ನೂ ಚಲನೆಯನ್ನೂ ಅಳೆಯುವ ಗಣಕದಲ್ಲಿ ಹಿಂದಿನ ಏರಿಯಾನ್-೪ರ ಪ್ರೋಗ್ರಾಮನ್ನೇ ಹೆಚ್ಚುಕಡಿಮೆ ಹಾಗೆಯೇ ಇಟ್ಟಿದ್ದರು. ಅಡ್ಡವೇಗಕ್ಕೆ ಸಂಬಂಧಿಸಿದ ೬೪ ಬಿಟ್ಟುಗಳ ಸಂಖ್ಯೆಯೊಂದನ್ನು ಅದು ೧೬ ಬಿಟ್ಟುಗಳ ಪುಟ್ಟ ಪಾತ್ರೆಗೆ ಸುರಿಯುತ್ತಿತ್ತು. ಆ ಪಾತ್ರೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ೩೨,೭೬೭. ಹಳೆಯ ರಾಕೆಟ್ಟಿಗೆ ಅಷ್ಟು ಧಾರಾಳವಾಗಿತ್ತು. ಏರಿಯಾನ್-೫ ಏರುವ ದಾರಿಯೇ ಬೇರೆ. ಅದರ ಅಡ್ಡವೇಗ ಬಹುಬೇಗ ಹೆಚ್ಚುತ್ತಿತ್ತು. ಸಂಖ್ಯೆ ಉಕ್ಕಿತು, ಗಣಕ ಕೈಚೆಲ್ಲಿತು. ಆಪತ್ತಿಗೆಂದು ಇಟ್ಟಿದ್ದ ಜೋಡಿ ಗಣಕದಲ್ಲಿಯೂ ಅದೇ ಪ್ರೋಗ್ರಾಮು; ಅದು ಅದೇ ಕಾರಣದಿಂದ ಒಂದು ಕ್ಷಣ ಮೊದಲೇ ನಿಂತುಹೋಗಿತ್ತು. ಕೆಟ್ಟ ಗಣಕ ಕಳಿಸಿದ ದೋಷಸೂಚನೆಯನ್ನು ಮುಖ್ಯ ಗಣಕವು ಹಾರಾಟದ ಲೆಕ್ಕವೆಂದೇ ನಂಬಿ, ಎಂಜಿನುಗಳ ನಳಿಕೆಗಳನ್ನು ಪೂರ್ತಿಯಾಗಿ ವಾಲಿಸಿಬಿಟ್ಟಿತು.

ಮರುಕ ಹುಟ್ಟಿಸುವ ಸಂಗತಿಯೆಂದರೆ, ಲೆಕ್ಕದ ಆ ಭಾಗದಿಂದ ನೆಲ ಬಿಟ್ಟ ಏರಿಯಾನ್-೫ಕ್ಕೆ ಯಾವ ಉಪಯೋಗವೂ ಇರಲಿಲ್ಲ. ಏರಿಯಾನ್-೪ಕ್ಕೆ ಬೇಕಾಗಿದ್ದುದು ಹಾಗೆಯೇ ಉಳಿದುಬಂದಿತ್ತು. ಅಂಥ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಕಾವಲಿತ್ತು. ಗಣಕಕ್ಕೆ ಹೊರೆಯಾದೀತೆಂದು ಉಳಿದ ಮೂರಕ್ಕೆ ಇಟ್ಟಿರಲಿಲ್ಲ. ಉಕ್ಕಿದುದು ಆ ಮೂರರಲ್ಲೊಂದು. ಹೊಸ ದಾರಿಯ ಅಂಕಿಗಳನ್ನು ಕೊಟ್ಟು ನೆಲದ ಮೇಲೆಯೇ ಪರೀಕ್ಷಿಸಿದ್ದರೆ ದೋಷ ಹೊರಬೀಳುತ್ತಿತ್ತೆಂದು ಸಮಿತಿ ತೀರ್ಮಾನಿಸಿತು. ಆ ಪರೀಕ್ಷೆ ನಡೆದಿರಲಿಲ್ಲ.

ಆದರೂ ಅವರು ಎದೆಗುಂದಲಿಲ್ಲ. ಕ್ಲಸ್ಟರ್ ಉಪಗ್ರಹಗಳನ್ನು ಮತ್ತೆ ಕಟ್ಟಿದರು. ೨೦೦೦ದಲ್ಲಿ ಅವು ರಷ್ಯದ ಸೋಯುಜ್ ರಾಕೆಟ್ಟುಗಳಲ್ಲಿ ಮೇಲೇರಿದುವು. ಅದೇ ವರ್ಷದ ಮಾರ್ಚಿಯಲ್ಲಿ ನಮ್ಮ ಇನ್ಸಾಟ್-೩ಬಿ ಉಪಗ್ರಹವನ್ನು ಕೂರೂವಿನಿಂದ ಹೊತ್ತೊಯ್ದುದು ತಪ್ಪು ತಿದ್ದಿಕೊಂಡ ಏರಿಯಾನ್-೫. ಬಾನಿಗೇರಿದ ಆ ಉಪಗ್ರಹದ ಲಗಾಮು ಹಿಡಿದುದು ನಮ್ಮ ಹಾಸನದ ನಿಯಂತ್ರಣ ಕೇಂದ್ರ!

ಮನೆ ಬದಲಿಸುವಾಗ ಹಳೆಯ ಪಾತ್ರೆಗಳನ್ನು ಎಸೆದುಬರಬೇಕಾಗಿಲ್ಲ. ಹೊಸ ಮನೆಯ ಹಾಲು ಎಷ್ಟೆಂದು ಒಮ್ಮೆ ಅಳೆದು ನೋಡಿದರೆ ಸಾಕು.