ವಾಹನದ ದ್ರವನಾಳಗಳ ತಿರುಪುಸಂದುಗಳು

ಮೋಟಾರು ವಾಹನವೆಂದೊಡನೆ ನಮ್ಮ ಗಮನ ಎಂಜಿನ್ನಿನತ್ತ ಹರಿಯುವುದು ಸಹಜ. ಆದರೆ ಆ ಎಂಜಿನ್ನನ್ನು ಬದುಕಿಸಿರುವುವೂ, ಓಡುವ ಬಂಡಿಯನ್ನು ನಿಲ್ಲಿಸುವುವೂ ದ್ರವಗಳೇ. ಇಂಧನ, ಎಣ್ಣೆ, ತಂಪುನೀರು, ಬ್ರೇಕ್ ದ್ರವ ಇವೆಲ್ಲ ಸಣ್ಣ ಸಣ್ಣ ನಾಳಗಳಲ್ಲಿ ಸಂಚರಿಸುತ್ತವೆ. ಲೋಹದ ನಾಳಗಳು ಕೂಡುವೆಡೆಯಲ್ಲಿ ಸಾಮಾನ್ಯವಾಗಿ ಒಂದು ತಿರುಪುಸಂದು ಇರುತ್ತದೆ. ಅದು ಸೋರಿತೆಂದರೆ ನಮ್ಮಲ್ಲಿ ನಡೆಯುವ ಮೊದಲ ಚಿಕಿತ್ಸೆ ಬಿಳಿಯ ಟೆಫ್ಲಾನ್ ಟೇಪನ್ನು ಸುತ್ತಿ ಬಿಗಿಯುವುದು. ನಲ್ಲಿ ಜೋಡಿಸುವವರಿಂದ ಬಂದ ಈ ಪದ್ಧತಿ ಕೆಲವು ಸಂದುಗಳಿಗೆ ಸರಿ, ಕೆಲವಕ್ಕೆ ನಿರರ್ಥಕ, ಬ್ರೇಕ್ ನಾಳಕ್ಕಂತೂ ಅಪಾಯಕರ. ಶಾಲೆಯ ಬಸ್ಸು, ಹೊಲದ ಟ್ರ್ಯಾಕ್ಟರು, ಮನೆಯ ಕಾರು ಇವುಗಳಲ್ಲಿ ಒಂದಾದರೂ ನಮ್ಮ ವಾಚಕರ ಹೊಣೆಯಲ್ಲಿ ಇರುವುದಾದ್ದರಿಂದ ಈ ವಿಷಯವನ್ನು ಕೊಂಚ ವಿಸ್ತರಿಸಿ ಹೇಳುವುದು ಅನುಚಿತವಾಗಲಾರದು.

ಲೇಪ ಯಾವುದೆಂದು ಯೋಚಿಸುವ ಮೊದಲು, ಆ ಸಂದು ದ್ರವವನ್ನು ಎಲ್ಲಿ ತಡೆಯುತ್ತದೆ ಎಂಬುದನ್ನು ಅರಿಯಬೇಕು. ತಿರುಪಿನ ಸುತ್ತುಗಳನ್ನು ಗ್ಯಾರೇಜಿನಲ್ಲಿ ಥ್ರೆಡ್ ಎನ್ನುತ್ತಾರೆ. ಕೆಲವು ಸಂದುಗಳಲ್ಲಿ ತಡೆಯುವ ಕೆಲಸವನ್ನು ಥ್ರೆಡ್ಡೇ ಮಾಡುತ್ತದೆ. ಇಂಥವು ತುದಿಯತ್ತ ಮೊನಚಾಗುತ್ತ ಹೋಗುತ್ತವೆ. ೧೬ ಅಂಗುಲ ಉದ್ದಕ್ಕೆ ೧ ಅಂಗುಲದ ಪ್ರಮಾಣದಲ್ಲಿ ವ್ಯಾಸ ಕಿರಿದಾಗುತ್ತದೆ. ಬಿಗಿದಂತೆಲ್ಲ ಒಳಗಿನದು ಹೊರಗಿನದರೊಳಕ್ಕೆ ಬೆಣೆಯಂತೆ ಸೇರಿಕೊಳ್ಳುತ್ತದೆ. ಹಾಗಿದ್ದರೂ ಒಂದರ ಏಣಿಗೂ ಇನ್ನೊಂದರ ತಗ್ಗಿಗೂ ನಡುವೆ ಕೂದಲೆಳೆಯಷ್ಟು ತೆರಪು ಉಳಿಯುತ್ತದೆ. ವಿಜಾಪುರದ ಗೋಲಗುಮ್ಮಟದ ಮೂಲೆಗೋಪುರದೊಳಗಿನ ಸುರುಳಿ ಮೆಟ್ಟಿಲಿನಂತೆ ಆ ತೆರಪು ಸುತ್ತಿ ಸುತ್ತಿ ಹೊರಕ್ಕೆ ದಾರಿ ಮಾಡುತ್ತದೆ. ದ್ರವ ಸೋರುವುದು ಈ ದಾರಿಯಲ್ಲಿ. ಅದನ್ನು ತುಂಬುವುದೇ ಟೇಪಿನ ಅಥವಾ ಲೇಪದ ಕೆಲಸ. ಇನ್ನು ಕೆಲವು ಸಂದುಗಳಲ್ಲಿ ಥ್ರೆಡ್ ಮೊದಲಿಂದ ಕೊನೆಯವರೆಗೆ ಒಂದೇ ವ್ಯಾಸದ್ದು. ಅಲ್ಲಿ ಥ್ರೆಡ್ ಎರಡು ಭಾಗಗಳನ್ನು ಹತ್ತಿರಕ್ಕೆ ಎಳೆದು ಒತ್ತಿ ಹಿಡಿಯುತ್ತದೆ, ಅಷ್ಟೇ. ದ್ರವವನ್ನು ತಡೆಯುವುದು ತಾಮ್ರದ ವಾಷರೋ, ರಬ್ಬರಿನ ಉಂಗುರವೋ, ಅರಳಿಸಿದ ನಾಳದ ತುದಿಯೋ ಆಗಿರುತ್ತದೆ. ಇಂಥಲ್ಲಿ ಥ್ರೆಡ್ಡಿಗೆ ಎಷ್ಟು ಟೇಪು ಸುತ್ತಿದರೂ ರೋಗ ಒಂದೆಡೆ, ಮದ್ದು ಇನ್ನೊಂದೆಡೆ ಎಂಬಂತಾಗುತ್ತದೆ. ಎಂಜಿನ್ ಎಣ್ಣೆಯನ್ನು ಬಸಿಯುವ ಡ್ರೇನ್ ಪ್ಲಗ್ ಈ ಎರಡನೆಯ ಜಾತಿಗೆ ಸೇರಿದುದು. ಅದಕ್ಕೆ ಬೇಕಾದುದು ಹೊಸ ವಾಷರು.

ಮೊನಚು ಥ್ರೆಡ್ಡಿನಲ್ಲಿಯೂ ಒಂದು ಮೋಸವುಂಟು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ೧೮೪೧ರಲ್ಲಿ ೫೫ ಡಿಗ್ರಿ ಕೋನದ ಥ್ರೆಡ್ಡನ್ನು ಸೂಚಿಸಿದನು. ಅಮೆರಿಕದ ವಿಲಿಯಂ ಸೆಲ್ಲರ್ಸ್ ೧೮೬೪ರಲ್ಲಿ ೬೦ ಡಿಗ್ರಿಯದನ್ನು ಮುಂದಿಟ್ಟನು. ಈ ಭೇದ ಇಂದಿಗೂ ಅಳಿದಿಲ್ಲ. ಅರೆಕಾಲು ಅಂಗುಲದ ಕೊಳವೆಯಲ್ಲಿ ಅಂಗುಲಕ್ಕೆ ಬ್ರಿಟಿಷರದು ೨೮ ಸುತ್ತು, ಅಮೆರಿಕನ್ನರದು ೨೭; ಕಾಲಂಗುಲದಲ್ಲಿ ೧೯ ಮತ್ತು ೧೮. ಒಂದರೊಳಗೆ ಇನ್ನೊಂದು ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ. ಕೆಲಸಗಾರ ಅದನ್ನು ಸರಿಯಾದ ಬಿಗಿತವೆಂದೇ ಭಾವಿಸುತ್ತಾನೆ. ಅರೆಯಂಗುಲದಲ್ಲಂತೂ ಎರಡಕ್ಕೂ ೧೪ ಸುತ್ತುಗಳೇ ಇರುವುದರಿಂದ ಕೋನದ ವ್ಯತ್ಯಾಸ ಕೈಗೆ ತಿಳಿಯುವುದೇ ಇಲ್ಲ. ಇಂಥ ಬೆರಕೆ ಸಂದನ್ನು ಯಾವ ಲೇಪವೂ ಉಳಿಸಲಾರದು. ಅಲ್ಪ ಬೆಲೆಯ ಥ್ರೆಡ್ ಗೇಜೊಂದನ್ನು ಇಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ.

ಟೆಫ್ಲಾನಿನ ಮೂಲವಸ್ತು ದೊರೆತ ಬಗೆ ನಮ್ಮ ವಿಜ್ಞಾನ ಶಿಕ್ಷಕರು ತರಗತಿಯಲ್ಲಿ ಹೇಳಬಹುದಾದಂಥದು. ೧೯೩೮ರ ಏಪ್ರಿಲ್ ೬ರಂದು ಅಮೆರಿಕದ ಡುಪಾಂಟ್ ಸಂಸ್ಥೆಯ ರಾಯ್ ಪ್ಲಂಕೆಟ್ ಒಂದು ಅನಿಲದ ಸಿಲಿಂಡರನ್ನು ತೆರೆದಾಗ ಅನಿಲ ಹೊರಬರಲಿಲ್ಲ. ತೂಕ ಮಾತ್ರ ಇದ್ದ ಹಾಗೆಯೇ ಇತ್ತು. ಸಿಲಿಂಡರನ್ನು ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿಯ ಪುಡಿ! ಅದು ಸುಮಾರು ೨೬೦ ಡಿಗ್ರಿ ಸೆಲ್ಸಿಯಸ್ ವರೆಗೆ ತಾಳುತ್ತದೆ. ಪೆಟ್ರೋಲಿಗಾಗಲಿ ಆಮ್ಲಕ್ಕಾಗಲಿ ಜಗ್ಗದು. ಆದರೆ ಯಾವುದಕ್ಕೂ ಅಂಟಿಕೊಳ್ಳದಿರುವುದು ಅದರ ಸ್ವಭಾವ. ಹೀಗಾಗಿ ಟೇಪು ಅಂಟಲ್ಲ. ತೆರಪನ್ನು ತುಂಬುವ, ಘರ್ಷಣೆಯನ್ನು ತಗ್ಗಿಸುವ ವಸ್ತು. ಸುತ್ತುವಾಗ ಹಳೆಯ ಜಿಡ್ಡನ್ನು ಪೂರ್ತಿ ತೆಗೆದು, ತುದಿಯ ಒಂದೆರಡು ಥ್ರೆಡ್ಡನ್ನು ಬರಿದೇ ಬಿಟ್ಟು, ತುದಿಯ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿ, ಎರಡು ಮೂರು ಸುತ್ತು ಎಳೆದು ಸುತ್ತಬೇಕು. ತದ್ವಿರುದ್ಧವಾಗಿ ಸುತ್ತಿದರೆ ತಿರುಗಿಸುವಾಗಲೇ ಅದು ಬಿಚ್ಚಿಕೊಳ್ಳುತ್ತದೆ. ಬಿಗಿದ ಮೇಲೆ ನೇರ ಮಾಡಲೆಂದು ಹಿಂದಕ್ಕೆ ತಿರುಗಿಸಲೇಬಾರದು. ಘರ್ಷಣೆ ಕಡಮೆಯಾಗಿರುವುದರಿಂದ ಅದೇ ಬಲಕ್ಕೆ ಬೆಣೆ ಇನ್ನಷ್ಟು ಆಳಕ್ಕೆ ನುಗ್ಗುತ್ತದೆ. ಅಲ್ಯೂಮಿನಿಯಂ ಎರಕದ ಭಾಗಗಳು ಸೀಳುವುದು ಹೀಗೆಯೇ. ಒಂದೇ ತಂತಿಯ ಎಣ್ಣೆ ಒತ್ತಡಮಾಪಕದ ಘಟಕಕ್ಕೆ ಥ್ರೆಡ್ಡೇ ವಿದ್ಯುತ್ತಿನ ಮರುದಾರಿ. ಅದಕ್ಕೆ ದಪ್ಪನಾಗಿ ಟೇಪು ಸುತ್ತಿದರೆ ಮಾಪಕ ಸುಳ್ಳು ಹೇಳಲೂಬಹುದು.

ಇಂಧನ ಮತ್ತು ಎಣ್ಣೆಯ ಮೊನಚು ಸಂದುಗಳಿಗೆ ನನ್ನ ಮತದಲ್ಲಿ ಟೇಪಿಗಿಂತ ದ್ರವರೂಪದ ಲೇಪವೇ ಲೇಸು. ಅದರಿಂದ ಎಳೆಗಳು ಕಿತ್ತು ಒಳಗೆ ಹೋಗುವ ಭಯವಿಲ್ಲ. ಹಾರ್ಟ್‌ಫರ್ಡ್ ನಗರದ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ೧೯೫೩ರಲ್ಲಿ ಬಳಕೆಗೆ ತಂದ ಅವಾಯವೀಯ ಲೇಪ ಇವುಗಳಲ್ಲಿ ವಿಶಿಷ್ಟವಾದುದು. ಆಮ್ಲಜನಕದ ಸಂಪರ್ಕವಿರುವ ತನಕ ಅದು ದ್ರವ. ಗಾಳಿ ತಪ್ಪಿ, ಕಬ್ಬಿಣ ಹಿತ್ತಾಳೆಗಳಂಥ ಲೋಹದ ನಡುವೆ ಸಿಕ್ಕಿದೊಡನೆ ಗಟ್ಟಿಯಾಗತೊಡಗುತ್ತದೆ. ಅದರ ಶೀಶೆ ಅರ್ಧ ಖಾಲಿಯಾಗಿರುವುದನ್ನು ಕಂಡು ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುವವರುಂಟು. ಆ ಖಾಲಿ ಜಾಗದ ಗಾಳಿಯೇ ಒಳಗಿನ ಲೇಪವನ್ನು ಕಾಪಾಡುತ್ತಿರುತ್ತದೆ! ಸ್ಟೇನ್‌ಲೆಸ್ ಉಕ್ಕು ಮತ್ತು ಸತುವಿನ ಲೇಪನದ ಮೇಲೆ ಅದು ನಿಧಾನ. ಪ್ಲಾಸ್ಟಿಕ್ಕಿಗೆ ಬಳಸಬಾರದು, ಬಿರುಕು ಬಿಡುತ್ತದೆ. ಪೂರ್ಣ ಗಟ್ಟಿಯಾಗಲು ಒಂದು ದಿನ ಬಿಡುವುದು ಕ್ಷೇಮ. ನಟ್ಟು ಸಡಿಲವಾಗದಂತೆ ಹಿಡಿಯುವ ಅಂಟು ಇದೇ ಕುಲದ್ದಾದರೂ ಬೇರೆ. ಅದನ್ನು ಹಚ್ಚಿದರೆ ಮುಂದೆ ಬಿಚ್ಚಲು ಬೆಂಕಿ ಹಿಡಿಯಬೇಕಾದೀತು.

ಹಳೆಯ ಮೇಸ್ತ್ರಿಗಳು ಪೆಟ್ರೋಲ್ ಸಂದಿಗೆ ಅರಗಿನ ಲೇಪ ಹಚ್ಚುತ್ತಿದ್ದರು. ಅರಗು ಪೆಟ್ರೋಲಿಗೆ ಕರಗದಾದ್ದರಿಂದ ಅದು ವಿವೇಕದ ಪದ್ಧತಿಯೇ ಆಗಿತ್ತು. ಈಗ ಕಾಲ ಬದಲಾಗಿದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ ೨೦೨೫ರಲ್ಲಿ ಶೇಕಡಾ ೨೦ನ್ನು ಮುಟ್ಟಿತು. ಅರಗು ಮದ್ಯಸಾರದಲ್ಲಿ ಕರಗುವುದನ್ನು ಸ್ಪಿರಿಟ್ಟಿನಲ್ಲಿ ಪಾಲಿಷ್ ಕಲಸುವ ಬಡಗಿ ಚೆನ್ನಾಗಿ ಬಲ್ಲ. ಸಾಧಾರಣ ಸಿಲಿಕೋನ್ ಲೇಪವೂ ಪೆಟ್ರೋಲಿನಲ್ಲಿ ಉಬ್ಬಿ ಸಡಿಲುತ್ತದೆ. ಆದುದರಿಂದ ಎಥೆನಾಲ್ ಬೆರೆತ ಇಂಧನಕ್ಕೆ ಯೋಗ್ಯವೆಂದು ತಯಾರಕರು ಮುದ್ರಿಸಿರುವ ಲೇಪವನ್ನಷ್ಟೇ ಕೊಳ್ಳಬೇಕು.

ಈಗ ಬ್ರೇಕ್ ನಾಳದ ಮಾತು. ಇಲ್ಲಿ ಥ್ರೆಡ್ ಸಮವ್ಯಾಸದ್ದು. ಉಕ್ಕಿನ ನಾಳದ ತುದಿಯನ್ನು ಅರಳಿಸಿ, ಮತ್ತೆ ಒಳಮಡಿಸಿ, ಇಮ್ಮಡಿ ಅಂಚು ಮಾಡಿರುತ್ತಾರೆ. ಇದೇ ಡಬಲ್ ಫ್ಲೇರ್. ಗುಳ್ಳೆಯಾಕಾರದ ಬಬಲ್ ಫ್ಲೇರ್ ಎಂಬ ಇನ್ನೊಂದು ಬಗೆಯೂ ಇದೆ. ಒಂದರ ಆಸನದಲ್ಲಿ ಇನ್ನೊಂದು ಕೂರದು. ನಟ್ಟು ಈ ಅಂಚನ್ನು ಆಸನಕ್ಕೆ ಒತ್ತುತ್ತದೆ. ಲೋಹ ಲೋಹವನ್ನು ತಬ್ಬಿದಲ್ಲಿ ದ್ರವ ನಿಲ್ಲುತ್ತದೆ. ಪೆಡಲನ್ನು ಬಲವಾಗಿ ತುಳಿದಾಗ ಒಳಗಿನ ಒತ್ತಡ ಚದರ ಅಂಗುಲಕ್ಕೆ ಸಾವಿರ ಪೌಂಡನ್ನೂ ಮೀರುತ್ತದೆ. ನಟ್ಟಿನ ಥ್ರೆಡ್ಡಿಗೆ ಸುತ್ತಿದ ಟೇಪು ಇದನ್ನು ತಡೆಯುವುದೆಂದು ನಂಬುವುದು ಕೆರೆಯ ಒಡ್ಡಿನ ಬಿರುಕಿಗೆ ಕಾಗದ ಅಂಟಿಸಿದಂತೆ. ಒಡೆದ ಅಂಚನ್ನು ಟೇಪು ಕೆಲವು ದಿನ ಮರೆಮಾಚಿ, ಇಳಿಜಾರಿನಲ್ಲಿ ಗಟ್ಟಿಯಾಗಿ ತುಳಿದ ದಿನ ಕೈಬಿಡುತ್ತದೆ. ಅದರ ಚೂರೊಂದು ಮಾಸ್ಟರ್ ಸಿಲಿಂಡರಿನ ಸಣ್ಣ ಮರುಹರಿವಿನ ರಂಧ್ರದಲ್ಲಿ ಕೂತರೆ, ಕಾಲು ತೆಗೆದ ಮೇಲೂ ದ್ರವ ಹಿಂದಿರುಗದೆ ಬ್ರೇಕು ಹಿಡಿದೇ ಇದ್ದು ಕಾಯತೊಡಗುತ್ತದೆ. ಎ.ಬಿ.ಎಸ್. ಘಟಕದ ಕವಾಟಗಳ ದಾರಿಯಂತೂ ಇನ್ನೂ ಸೂಕ್ಷ್ಮ.

ಸಂದಿನ ಸುತ್ತ ಬಣ್ಣ ಉಬ್ಬಿ ಸುಲಿದಿದ್ದರೆ ಅಲ್ಲಿ ಬ್ರೇಕ್ ದ್ರವ ಜಿನುಗುತ್ತಿರುವ ಶಂಕೆ ಬಲವಾದುದು. ಆ ದ್ರವ ಬಣ್ಣವನ್ನು ತಿನ್ನುತ್ತದೆ. ಆಗ ನಟ್ಟನ್ನು ಬಿಚ್ಚಿ, ಅಂಚನ್ನೂ ಆಸನವನ್ನೂ ಒರೆಸಿ, ಬಿರುಕೋ ಮರಳೋ ಓರೆಯೋ ಇದೆಯೆಂದು ನೋಡಬೇಕು. ಅಂಚು ಕೆಟ್ಟಿದ್ದರೆ ಹೊಸದಾಗಿ ಅರಳಿಸಬೇಕು ಅಥವಾ ನಾಳವನ್ನೇ ಬದಲಿಸಬೇಕು. ಬಿಗಿಯಲು ಸಾಧಾರಣ ಸ್ಪ್ಯಾನರಿಗಿಂತ ನಟ್ಟಿನ ಐದು ಮುಖಗಳನ್ನು ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಉತ್ತಮ. ರಬ್ಬರ್ ಹೋಸಿನ ಬ್ಯಾಂಜೋ ಬೋಲ್ಟಿಗೆ ಪ್ರತಿ ಸಲವೂ ಹೊಸ ವಾಷರುಗಳು. ಬಳಿಕ ಗಾಳಿ ಬಿಟ್ಟು, ಸಂದನ್ನು ಒಣಗುವಂತೆ ಒರೆಸಿ, ಒಬ್ಬರು ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದಿರಬೇಕು. ಇನ್ನೊಬ್ಬರು ಬಿಳಿಯ ಕಾಗದವನ್ನು ಸಂದಿಗೆ ತಾಗಿಸಿ ನೋಡಬೇಕು. ಕಾಗದ ತೇವವಾದರೆ, ಅಥವಾ ಪೆಡಲು ಮೆಲ್ಲಗೆ ಕುಸಿದರೆ, ಬಸ್ಸನ್ನು ಹೊರಡಿಸತಕ್ಕದ್ದಲ್ಲ. ವೇಳೆಯಾಯಿತೆಂದು ಮಕ್ಕಳು ಕಾಯುತ್ತಿದ್ದರೂ ಸರಿಯೇ.

ಡೀಸೆಲ್ ವಾಹನದವರಿಗೆ ಇನ್ನೊಂದು ಮಾತು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ನಾಳದಲ್ಲಿ ಪಂಪು ಹೀರುತ್ತಿರುವುದರಿಂದ, ಅಲ್ಲಿಯ ಸಂದು ಸಡಿಲವಾದರೆ ಎಂಜಿನ್ ಓಡುವಾಗ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಹನಿಯೂ ಕಾಣದು, ಆದರೂ ಟ್ರ್ಯಾಕ್ಟರು ಬೆಳಗ್ಗೆ ಎದ್ದೇಳದು. ದಿನವೂ ಏರ್ ತೆಗೆಯುವ ಶ್ರಮಕ್ಕಿಂತ ಆ ಸಂದುಗಳ ತಾಮ್ರದ ವಾಷರುಗಳನ್ನು ಬದಲಿಸುವುದು ಅಗ್ಗ. ಇಂಜೆಕ್ಟರಿನ ಅತ್ಯಧಿಕ ಒತ್ತಡದ ನಾಳಗಳಿಗೆ ಮಾತ್ರ ವಾಷರೂ ಇಲ್ಲ, ಲೇಪವೂ ಸಲ್ಲದು. ಅವುಗಳ ಶಂಕುವಿನಾಕಾರದ ತುದಿಯನ್ನು ಶುಚಿಮಾಡಿ, ತಯಾರಕರು ಹೇಳಿದಷ್ಟೇ ಬಿಗಿದರೆ ಸಾಕು.